ಗದ್ದಲದ ನಡುವೆ ಕಥೆಗೆ ವಸ್ತು ಎಲ್ಲಿಂದ?

ಪ್ರಶ್ನೆ: ನಾನು ಹೊನ್ನಾವರದ ಕಡೆಯವಳು. ಮದುವೆಯಾದ ಮೇಲೆ ಮುಂಬಯಿ ಬಳಿಯ ಡೊಂಬಿವಲಿಯಲ್ಲಿ ನೆಲೆಸಿದ್ದೇನೆ. ಫೋರ್ಟ್‌ನ ಕಚೇರಿಯೊಂದರ ಲೆಕ್ಕಪತ್ರ ವಿಭಾಗದಲ್ಲಿ ಕೆಲಸ. ಕಾಲೇಜಿನಲ್ಲಿದ್ದಾಗ ಕಥೆ ಬರೆಯುತ್ತಿದ್ದೆ, ಒಂದೆರಡು ಅಚ್ಚೂ ಆಗಿದ್ದವು. ಈಗ ಬರೆಯಬೇಕೆಂದು ಕುಳಿತರೆ ಏನೂ ಹೊಳೆಯುವುದಿಲ್ಲ. ಬೇಗ ಎದ್ದು ಬರೆಯೋಣವೆಂದರೆ ಬೆಳಗಿನ ಐದಕ್ಕೇ ಅತ್ತೆಯವರು ಎದ್ದು ಮನೆಯಲ್ಲಿರುವ ಪಾತ್ರೆಗಳಿಗೆಲ್ಲ ನೀರು ತುಂಬಿಸತೊಡಗುತ್ತಾರೆ. ಕಟ್ಟಡಕ್ಕೆ ಟ್ಯಾಂಕಿ ಇದೆ, ದಿನವಿಡೀ ನೀರು ಬರುತ್ತದೆ, ಆದರೂ ಅವರು ಈ ರೂಢಿ ಬಿಟ್ಟಿಲ್ಲ. ಆಮೇಲೆ ಡಬ್ಬಿ, ಮಕ್ಕಳ ಶಾಲೆ, ನಿಂತೇ ಹೋಗಬೇಕಾದ ಲೋಕಲ್, ಸಂಜೆ ಮತ್ತೆ ಅದೇ. ಊರಿಗೆ ಹೋದಾಗ ಬರೆಯೋಣವೆಂದರೆ ನೆಂಟರ ಮನೆಗಳನ್ನು ಸುತ್ತುವುದರಲ್ಲೇ ರಜೆ ಮುಗಿಯುತ್ತದೆ. ಈ ಗದ್ದಲದಲ್ಲಿ ಸ್ಫೂರ್ತಿಯನ್ನು ಎಲ್ಲಿಂದ ತರುವುದು?

ಉತ್ತರ: ನಿಮ್ಮ ಪತ್ರದಲ್ಲಿ ಎರಡು ಕಷ್ಟಗಳು ಒಂದಕ್ಕೊಂದು ಹೆಣೆದುಕೊಂಡಿವೆ. ಬರೆಯಲು ಹೊತ್ತು ಸಿಗುವುದಿಲ್ಲ ಎಂಬುದು ಒಂದು, ಬರೆಯುವಂಥದ್ದು ಏನೂ ಹೊಳೆಯುವುದಿಲ್ಲ ಎಂಬುದು ಇನ್ನೊಂದು. ಮೊದಲನೆಯದು ನಿಜವಾದ ಕಷ್ಟ. ದಿನವೂ ಡೊಂಬಿವಲಿಯಿಂದ ಫೋರ್ಟ್‌ವರೆಗೆ ನಿಂತು ಹೋಗಿ ನಿಂತು ಬಂದು, ಮನೆಯ ಕೆಲಸವನ್ನೂ ನಿಭಾಯಿಸುವವರಿಗೆ ಮನಸ್ಸಿದ್ದರೆ ಮಾರ್ಗ ಎಂದು ಉಪದೇಶ ಮಾಡುವುದು ಅನ್ಯಾಯವಾದೀತು. ಅದರ ವಿಚಾರಕ್ಕೆ ಆಮೇಲೆ ಬರುತ್ತೇನೆ. ಎರಡನೆಯ ಮಾತನ್ನು ಮಾತ್ರ ನಾನು ಒಪ್ಪಲಾರೆ. ನಿಮ್ಮಲ್ಲಿ ವಸ್ತುವಿಗೆ ಕೊರತೆಯಿಲ್ಲ. ಬರಹಕ್ಕೆ ಅಡ್ಡಿಯೆಂದು ನೀವು ಪಟ್ಟಿ ಮಾಡಿದ ಸಂಗತಿಗಳಲ್ಲೇ ಒಂದು ಒಳ್ಳೆಯ ಕಥೆ ಕುಳಿತಿದೆ. ಗದ್ದಲ ಅಡಗಿದ ಮೇಲೆ ಸ್ಫೂರ್ತಿ ತಾನಾಗಿ ಬರಲಿ ಎಂದು ಕಾಯುವುದನ್ನು ಬಿಟ್ಟು, ಆ ಗದ್ದಲದಿಂದ ಒಂದೇ ಒಂದು ಸಂಗತಿಯನ್ನು ಬಿಡಿಸಿಕೊಂಡು, ಅದರ ಬಗ್ಗೆ ನಿಮಗೆ ಉತ್ತರ ಗೊತ್ತಿಲ್ಲದ ಒಂದು ಪ್ರಶ್ನೆಯನ್ನು ಕೇಳಿಕೊಂಡು, ಆ ಪ್ರಶ್ನೆಯನ್ನು ಕೆಲವು ದಿನ ಮನಸ್ಸಿನಲ್ಲಿ ಹೊತ್ತು ತಿರುಗುವುದಾದರೆ ಬರೆಯುವ ಒತ್ತಾಯ ಒಳಗಿನಿಂದಲೇ ಹುಟ್ಟುತ್ತದೆ. ನನಗೆ ಹೇಳಬೇಕೆನಿಸುವುದು ಇಷ್ಟೇ; ಉಳಿದುದೆಲ್ಲ ಇದರ ವಿವರಣೆ.

ಇದು ಹೊಸ ಮಾತೇನೂ ಅಲ್ಲ. ಕಾವ್ಯ ಹುಟ್ಟುವುದಕ್ಕೆ ಕಾರಣವೇನು ಎಂಬ ಪ್ರಶ್ನೆಯನ್ನು ನಮ್ಮ ಆಲಂಕಾರಿಕರು ಬಹಳ ಹಿಂದೆಯೇ ಎತ್ತಿಕೊಂಡಿದ್ದರು. 11ನೆಯ ಶತಮಾನದ ಕಾಶ್ಮೀರದ ಮಮ್ಮಟನು ಮೂರನ್ನು ಹೇಳುತ್ತಾನೆ: ಸಹಜವಾದ ಶಕ್ತಿ, ಲೋಕ ಶಾಸ್ತ್ರ ಕಾವ್ಯಾದಿಗಳನ್ನು ಗಮನವಿಟ್ಟು ನೋಡಿದ್ದರಿಂದ ಬಂದ ನಿಪುಣತೆ, ಕಾವ್ಯ ಬಲ್ಲವರಿಂದ ಕಲಿತು ಮಾಡಿದ ಅಭ್ಯಾಸ. ಈ ಮೂರೂ ಬೇರೆ ಬೇರೆ ಕಾರಣಗಳಲ್ಲ, ಮೂರೂ ಸೇರಿಯೇ ಒಂದು ಕಾರಣ ಎಂಬುದು ಅವನ ಮತ. ಗಮನಿಸಬೇಕಾದವುಗಳ ಸಾಲಿನಲ್ಲಿ ಅವನು ಲೋಕವನ್ನು ಶಾಸ್ತ್ರಕ್ಕಿಂತ, ಕಾವ್ಯಕ್ಕಿಂತ ಮೊದಲು ಇಟ್ಟಿದ್ದಾನೆ. ನೀವು ಸ್ಫೂರ್ತಿ ಎಂದು ಕರೆಯುತ್ತಿರುವುದು ಈ ಮೂರರಲ್ಲಿ ಮೊದಲನೆಯದನ್ನು ಮಾತ್ರ. ಅದು ನಿಮ್ಮಲ್ಲಿ ಇತ್ತೆಂಬುದಕ್ಕೆ ಅಚ್ಚಾದ ಕಥೆಗಳೇ ಸಾಕ್ಷಿ. ಕೈತಪ್ಪಿರುವುದು ಉಳಿದ ಎರಡು, ಮತ್ತು ಅವೆರಡನ್ನೂ ದುಡಿಯುತ್ತಲೇ ಮರಳಿ ಗಳಿಸಿಕೊಳ್ಳಬಹುದು.

ಕನ್ನಡದಲ್ಲಂತೂ ದುಡಿಮೆಯ ನಡುವೆಯೇ ಸಾಹಿತ್ಯ ಹುಟ್ಟಿದ್ದಕ್ಕೆ ದೊಡ್ಡ ಪರಂಪರೆಯಿದೆ. 12ನೆಯ ಶತಮಾನದ ಕದಿರ ರೆಮ್ಮವ್ವೆ ನೂಲು ತೆಗೆಯುವ ಕಾಯಕದವಳು. ತಾನು ತಿರುಗಿಸುವ ರಾಟೆಯ ಒಂದೊಂದು ಭಾಗವನ್ನೂ ಹೆಸರಿಸಿ, ಅದರಲ್ಲಿ ದೈವವನ್ನು ಕಂಡು ಅವಳು ವಚನ ಹೇಳಿದಳು. ಅದಕ್ಕಾಗಿ ಅವಳು ರಾಟೆಯನ್ನು ಬದಿಗಿಟ್ಟು ಬೇರೆ ಕಡೆಗೆ ಹೋಗಬೇಕಾಗಿರಲಿಲ್ಲ. ದಿನವೂ ಕೈಯಾಡಿಸುವ ವಸ್ತುವನ್ನು ಅವಳಷ್ಟು ಹತ್ತಿರದಿಂದ ಬೇರೆ ಯಾರೂ ನೋಡಿರಲಾರರು. ನಮ್ಮ ಹೆಣ್ಣುಮಕ್ಕಳ ಬೀಸುವ ಪದಗಳೂ ಹಾಗೆಯೇ. ಬೀಸುಕಲ್ಲಿನ ಮುಂದೆ ಕುಳಿತ ಹೊತ್ತು ವಿರಾಮದ ಹೊತ್ತಾಗಿರಲಿಲ್ಲ. ಕೈಗೆ ಬಿಡುವಿಲ್ಲದಾಗ, ಕಲ್ಲು ತಿರುಗುವ ಲಯವನ್ನೇ ಆಧಾರವಾಗಿಟ್ಟುಕೊಂಡು ತವರು, ಗಂಡ, ಹೊಲ, ಸಾವು ಎಲ್ಲವನ್ನೂ ಅವರು ತ್ರಿಪದಿಯ ಮೂರು ಸಾಲಿನಲ್ಲಿ ಹಿಡಿದರು. ನೀವಿರುವ ಈ ನಾಡಿನಲ್ಲೂ ಅದೇ ಕಥೆ: ಪುಣೆಯ ಹೇಮಾ ರಾಯರಕರ್ ಮತ್ತು ಫ್ರಾನ್ಸಿನಿಂದ ಬಂದು ಪುಣೆಯಲ್ಲಿ ನೆಲೆಸಿದ ಗೀ ಪ್ವಾತ್ವಾಂ ಅವರು ತಮ್ಮ ಸಂಗಡಿಗರೊಂದಿಗೆ ಮಹಾರಾಷ್ಟ್ರದ ಹಳ್ಳಿಗಳ ಹೆಂಗಸರಿಂದ ಒಂದು ಲಕ್ಷಕ್ಕೂ ಹೆಚ್ಚು ಬೀಸುಕಲ್ಲಿನ ಓವಿಗಳನ್ನು ಸಂಗ್ರಹಿಸಿದರು. ಅಷ್ಟು ಹಾಡುಗಳನ್ನು ಕಟ್ಟಿದ ಹೆಂಗಸರಿಗೆ ತಮ್ಮದೇ ಆದ ಕೋಣೆಯಾಗಲಿ, ಬಿಡುವಾದ ಒಂದು ಮಧ್ಯಾಹ್ನವಾಗಲಿ ಇರಲಿಲ್ಲ. ಅವರಿಗಿದ್ದ ದಾರಿದ್ರ್ಯವನ್ನೂ ದಣಿವನ್ನೂ ನಾನು ಹೊಗಳುತ್ತಿಲ್ಲ. ಮನಸ್ಸು ಕಟ್ಟುವ ಕೆಲಸಕ್ಕೆ ಮೌನ ಅನಿವಾರ್ಯವಲ್ಲ ಎಂಬುದನ್ನಷ್ಟೇ ಅವರಿಂದ ಕಲಿಯೋಣ ಎನ್ನುತ್ತಿದ್ದೇನೆ.

ಈಗ ನಿಮ್ಮ ಅತ್ತೆಯವರ ವಿಚಾರ. ಪತ್ರದಲ್ಲಿ ಅವರಿಗೆ ಸಿಕ್ಕಿರುವುದು ಎರಡೇ ವಾಕ್ಯ, ಅವೂ ದೂರಿನ ಧಾಟಿಯಲ್ಲಿ. ನನಗೆ ಅವನ್ನು ಓದಿ ಮುಂದೆ ಹೋಗಲಾಗಲಿಲ್ಲ. ದಿನವಿಡೀ ನೀರು ಬರುವ ಮನೆಯಲ್ಲಿ ಒಬ್ಬ ವೃದ್ಧೆ ಕತ್ತಲಿರುವಾಗಲೇ ಎದ್ದು ಪಾತ್ರೆಗಳನ್ನೆಲ್ಲ ತುಂಬಿಸಿಡುತ್ತಾರೆ ಎಂದರೆ ಅಲ್ಲಿ ಆಗಲೇ ಒಂದು ಪ್ರಶ್ನೆ ಹುಟ್ಟಿದೆ. ಅವರು ಹಿಂದೆ ಎಲ್ಲಿದ್ದರೆಂದು ನೀವು ಬರೆದಿಲ್ಲ. ಮುಂಬಯಿಯ ಪರೇಲ್, ಲಾಲ್‌ಬಾಗ್ ಕಡೆಯ ಚಾಳಿನಲ್ಲಿ, ಅಂದರೆ ಒಂದೊಂದೇ ಕೋಣೆಯ ಮನೆಗಳ ಸಾಲುಕಟ್ಟಡದಲ್ಲಿ, ಸಂಸಾರ ಮಾಡಿದವರಾಗಿದ್ದರೆ, ಹೊತ್ತುಗೊತ್ತು ನೋಡಿ ಬರುತ್ತಿದ್ದ ನಲ್ಲಿಯ ನೀರಿಗಾಗಿ ಸರತಿ ನಿಂತವರಾಗಿರುತ್ತಾರೆ. ಆದರೆ ಇಷ್ಟಕ್ಕೇ ‘ಹಳೆಯ ಅಭ್ಯಾಸ’ ಎಂದು ತೀರ್ಮಾನಿಸಿಬಿಟ್ಟರೆ ಕಥೆ ಅಲ್ಲಿಗೇ ಸತ್ತುಹೋಗುತ್ತದೆ. ಕಾರಣ ತಿಳಿದುಬಿಟ್ಟಿತು ಎಂಬ ಸಮಾಧಾನವೇ ನೋಡುವುದನ್ನು ನಿಲ್ಲಿಸಿಬಿಡುತ್ತದೆ.

ಆದ್ದರಿಂದ ಒಂದು ವಾರ ನೀವು ಏನನ್ನೂ ಬರೆಯಬೇಡಿ. ಆ ಐದು ಗಂಟೆಯ ಹೊತ್ತಿನಲ್ಲಿ ಅಡುಗೆಮನೆಯ ಬಾಗಿಲಲ್ಲಿ ನಿಂತು ನೋಡಿ. ಅವರು ಮೊದಲು ತುಂಬಿಸುವುದು ಯಾವ ಪಾತ್ರೆಯನ್ನು? ಎಲ್ಲಕ್ಕಿಂತ ಕೊನೆಗೆ ಯಾವುದನ್ನು? ನಿನ್ನೆಯ ನೀರನ್ನು ಏನು ಮಾಡುತ್ತಾರೆ, ಚೆಲ್ಲುತ್ತಾರೆಯೇ, ತುಳಸಿಗೆ ಹಾಕುತ್ತಾರೆಯೇ, ಬಟ್ಟೆ ನೆನೆಸಲು ಇಡುತ್ತಾರೆಯೇ? ನಲ್ಲಿಯನ್ನು ಪೂರ್ತಿ ತಿರುಗಿಸುತ್ತಾರೋ, ಮನೆಯವರ ನಿದ್ದೆ ಕೆಡಬಾರದೆಂದು ಸಣ್ಣಗೆ ಬಿಟ್ಟು ಕಾಯುತ್ತಾರೋ? ಪಾತ್ರೆ ತುಂಬಿತೆಂದು ಕಣ್ಣಿನಿಂದ ತಿಳಿಯುತ್ತಾರೋ, ಸದ್ದು ಬದಲಾಗುವುದರಿಂದ ತಿಳಿಯುತ್ತಾರೋ? ‘ಅತ್ತೆಗೆ ನೀರಿನ ಬಗ್ಗೆ ವಿಪರೀತ ಆತಂಕ’ ಎಂದು ಬರೆದರೆ ಓದುಗರಿಗೆ ಒಂದು ಅಭಿಪ್ರಾಯ ತಲುಪುತ್ತದೆ, ಅಷ್ಟೇ. ‘ಅತ್ತೆ ಎಲ್ಲಕ್ಕಿಂತ ಮೊದಲು ತುಂಬುವುದು ಕಂಠ ನಗ್ಗಿದ ತಾಮ್ರದ ಚೊಂಬನ್ನು, ಅದರ ನೀರನ್ನು ಮನೆಯಲ್ಲಿ ಯಾರೂ ಕುಡಿಯುವುದಿಲ್ಲ’ ಎಂದು ಬರೆದರೆ ಓದುಗರು ಮುಂದಿನ ವಾಕ್ಯಕ್ಕಾಗಿ ಕಾಯುತ್ತಾರೆ. ಬರೆಯುತ್ತಿರುವ ನೀವೂ ಕಾಯುತ್ತೀರಿ. ಸ್ಫೂರ್ತಿ ಎಂಬುದು ಅನುಭವಕ್ಕೆ ಬರುವುದು ಈ ಕಾಯುವಿಕೆಯಲ್ಲೇ.

ಇದನ್ನು ಇನ್ನೂ ಒಂದು ಹೆಜ್ಜೆ ಮುಂದಕ್ಕೆ ಒಯ್ಯೋಣ. ಮನೆಯವರಿಗೆ ಬೇಕಾದುದಕ್ಕಿಂತ ಒಂದು ಕೊಡ ಹೆಚ್ಚು ತುಂಬುತ್ತಿದೆ ಎಂದಿಟ್ಟುಕೊಳ್ಳಿ. ಅದು ಯಾರದು? ಚಾಳಿನಲ್ಲಿ ಪಕ್ಕದ ಖೋಲಿಯ ಹೆಂಗಸಿನ ಗಂಡ ಮಿಲ್ಲಿನಲ್ಲಿ ರಾತ್ರಿ ಪಾಳಿ ಮಾಡುತ್ತಿದ್ದಿರಬಹುದು. ಅವಳು ಬಾಣಂತಿಯಾಗಿದ್ದಾಗ ನಿಮ್ಮ ಅತ್ತೆಯಂಥವರು ಅವಳ ಪಾಲಿನ ಕೊಡವನ್ನೂ ತುಂಬಿಸಿ ಕೊಟ್ಟಿರಬಹುದು. 1982ರ ಜನವರಿಯಲ್ಲಿ ಕಾರ್ಮಿಕ ನಾಯಕ ದತ್ತಾ ಸಾಮಂತರ ನೇತೃತ್ವದಲ್ಲಿ ಸುಮಾರು 2.5 ಲಕ್ಷ ಬಟ್ಟೆ ಮಿಲ್ ಕಾರ್ಮಿಕರು ಮುಷ್ಕರ ಹೂಡಿದರು. ಅದು ವರ್ಷ ಕಳೆದರೂ ಇತ್ಯರ್ಥವಾಗದೆ ಎಷ್ಟೋ ಸಂಸಾರಗಳು ಮುಂಬಯಿ ಬಿಟ್ಟು ಊರು ಸೇರಿದವು. ಪಕ್ಕದ ಖೋಲಿಗೂ ಬೀಗ ಬಿದ್ದಿರಬಹುದು. ಕಥೆಯಲ್ಲಿ ನೀವು ಮುಷ್ಕರದ ಇತಿಹಾಸವನ್ನು ವಿವರಿಸುವ ಅಗತ್ಯವೇ ಇಲ್ಲ. ಆ ಹೆಚ್ಚಿನ ಕೊಡ ಡೊಂಬಿವಲಿಯ ಅಡುಗೆಮನೆಯ ಮೂಲೆಯಲ್ಲಿ ದಿನವೂ ತುಂಬುತ್ತಿದ್ದರೆ ಸಾಕು, ಒಂದು ಊರಿನ ಚರಿತ್ರೆಯೇ ಅದರ ಹಿಂದೆ ಬಂದು ನಿಲ್ಲುತ್ತದೆ. ಇದು ಬರೀ ನನ್ನ ಊಹೆ, ನಿಜ ಸಂಗತಿ ಬೇರೆಯೇ ಇದ್ದೀತು, ಅತ್ತೆಯವರನ್ನೇ ಕೇಳಿ. ಕೇಳುವಾಗ ‘ಯಾಕೆ ಹೀಗೆ ಮಾಡುತ್ತೀರಿ’ ಎನ್ನಬೇಡಿ, ಅದು ಆಕ್ಷೇಪದಂತೆ ಕೇಳಿಸುತ್ತದೆ. ‘ಮೊದಲಿದ್ದ ಮನೆಯಲ್ಲಿ ನೀರು ಎಷ್ಟು ಹೊತ್ತಿಗೆ ಬರುತ್ತಿತ್ತು, ಅತ್ತೆ’ ಎಂದು ಶುರುಮಾಡಿ. ಒಂದು ಎಚ್ಚರ ಮಾತ್ರ ಇರಲಿ: ಒಂದು ದಿನ ಕಟ್ಟಡದ ಪಂಪು ಕೆಟ್ಟು, ನೆರೆಹೊರೆಯವರೆಲ್ಲ ಬಕೆಟ್ಟು ಹಿಡಿದು ನಿಮ್ಮ ಬಾಗಿಲಿಗೆ ಬಂದು, ಅತ್ತೆ ಮಾಡಿದ್ದೇ ಸರಿಯಾಯಿತು ಎಂಬ ಮುಕ್ತಾಯ ತಟ್ಟನೆ ಹೊಳೆಯುತ್ತದೆ. ಅದನ್ನು ಬಿಟ್ಟುಬಿಡಿ. ಎಲ್ಲರಿಗೂ ಮೊದಲು ಹೊಳೆಯುವುದು ಅದೇ, ಮತ್ತು ಅದು ಆ ಹೆಂಗಸಿನ ಬದುಕನ್ನು ಒಂದು ನೀತಿಕಥೆಯಾಗಿ ಕುಗ್ಗಿಸಿಬಿಡುತ್ತದೆ.

ಇಷ್ಟೆಲ್ಲ ನೋಡಿದ್ದನ್ನು ಬರೆದುಕೊಳ್ಳುವುದು ಯಾವಾಗ ಎಂದು ನೀವು ಕೇಳಬಹುದು. ಬೆಳಗಿನ ಫಾಸ್ಟ್ ಲೋಕಲ್‌ನ ಮಹಿಳಾ ಡಬ್ಬಿಯಲ್ಲಿ ಕೈ ಎತ್ತಿದರೆ ಇಳಿಸಲು ಜಾಗವಿರುವುದಿಲ್ಲ, ನೋಟ್‌ಬುಕ್ ತೆಗೆಯುವ ಮಾತು ದೂರವೇ ಉಳಿಯಿತು. ಅಲ್ಲಿ ಬೀಸುಕಲ್ಲಿನ ಹೆಂಗಸರ ದಾರಿಯನ್ನೇ ಹಿಡಿಯಿರಿ, ಬಾಯಲ್ಲೇ ಕಟ್ಟಿ. ಥಾಣೆ ದಾಟಿದ ಮೇಲೆ ಒಂದೇ ಒಂದು ವಾಕ್ಯವನ್ನು ಮನಸ್ಸಿನಲ್ಲಿ ಎತ್ತಿಕೊಂಡು ದಾದರ್ ಬರುವವರೆಗೆ ಅದನ್ನೇ ಹೊರಳಿಸಿ ನೋಡಿ: ಕ್ರಿಯಾಪದ ಸರಿಯಾಗಿದೆಯೇ, ಒಂದು ವಿಶೇಷಣ ತೆಗೆದರೆ ನಷ್ಟವೇನು, ಉಸಿರು ಎಲ್ಲಿ ಕಡಿಯುತ್ತದೆ. ಬರೆದುಕೊಳ್ಳಲಾಗದ ಕಾರಣ ವಾಕ್ಯವನ್ನು ನೆನಪಿಟ್ಟುಕೊಳ್ಳಲೇಬೇಕಾಗುತ್ತದೆ. ನೆನಪಿನಲ್ಲಿ ನಿಲ್ಲದ ಭಾರವೆಲ್ಲ ತಾನಾಗಿ ಉದುರುತ್ತದೆ. ಕೊನೆಯ ನಿಲ್ದಾಣವಾದ ಸಿಎಸ್‌ಎಂಟಿಯಲ್ಲಿ ಇಳಿದು ಸಬ್‌ವೇ ಕಡೆಗೆ ನಡೆಯುವಾಗ ಅದನ್ನು ಫೋನಿನಲ್ಲಿ ಧ್ವನಿಮುದ್ರಣ ಮಾಡಿಕೊಳ್ಳಿ, ಇಲ್ಲವೇ ಕಚೇರಿಯಲ್ಲಿ ಕಂಪ್ಯೂಟರ್ ತೆರೆದುಕೊಳ್ಳುವಷ್ಟರಲ್ಲಿ ಡೈರಿಯಲ್ಲಿ ಗೀಚಿಕೊಳ್ಳಿ. ದಿನಕ್ಕೆ ಒಂದು ವಾಕ್ಯ ಸಾಕು. ಬರದ ದಿನ ಇಲ್ಲದಿದ್ದರೂ ಸರಿ, ನಿದ್ದೆಗೆಟ್ಟ ದಿನ ರೈಲಿನಲ್ಲಿ ಕಣ್ಣು ಮುಚ್ಚಿ ನಿಲ್ಲುವುದೇ ಒಳ್ಳೆಯದು.

ಕೈ ಒಂದು ಕೆಲಸದಲ್ಲಿದ್ದಾಗ ಮನಸ್ಸು ಇನ್ನೊಂದನ್ನು ಪಕ್ವಗೊಳಿಸುವುದು ಎಲ್ಲ ಬಗೆಯ ಸೃಷ್ಟಿಕಾರ್ಯದಲ್ಲೂ ಕಂಡುಬಂದಿರುವ ಸಂಗತಿ. ಫ್ರೆಂಚ್ ಗಣಿತಜ್ಞ ಆನ್ರಿ ಪ್ವಾಂಕರೆ ತಮ್ಮ ಅನುಭವವನ್ನು ದಾಖಲಿಸಿದ್ದಾರೆ: 15 ದಿನ ಮೇಜಿನ ಮುಂದೆ ಕುಳಿತು ಒಂದು ಬಗೆಯ ಫಲನಗಳೊಂದಿಗೆ ಹೆಣಗಿದ್ದ ಅವರು, ಆಮೇಲೆ ಪ್ರವಾಸದಲ್ಲಿದ್ದಾಗ, ಕುತಾಂಸ್ ಎಂಬ ಊರಿನಲ್ಲಿ ಕುದುರೆ ಬಸ್ಸಿನ ಮೆಟ್ಟಿಲ ಮೇಲೆ ಕಾಲಿಟ್ಟ ಕ್ಷಣದಲ್ಲಿ ಮುಂದಿನ ಮುಖ್ಯ ಹೊಳಹನ್ನು ಕಂಡರು. ಇಂಥ ಅನುಭವಗಳನ್ನು ಆಧರಿಸಿ ಇಂಗ್ಲೆಂಡಿನ ಗ್ರಹಾಂ ವಾಲಸ್ 1926ರಲ್ಲಿ ಸೃಷ್ಟಿಕ್ರಿಯೆಯನ್ನು ನಾಲ್ಕು ಹಂತಗಳಾಗಿ ವಿವರಿಸಿದರು: ಸಿದ್ಧತೆ, ಒಳಗೇ ಕಾವು ಪಡೆಯುವುದು, ಹೊಳಹು, ಪರಿಶೀಲನೆ. ಹೊಳಹು ಮೂರನೆಯದು ಎಂಬುದನ್ನು ಮರೆಯಬಾರದು. ನೀವು ಕುಳಿತ ಕೂಡಲೇ ಮೂರನೆಯ ಹಂತವನ್ನು ಬೇಡುತ್ತಿದ್ದೀರಿ, ಮೊದಲ ಎರಡಕ್ಕೆ ಎಡೆ ಕೊಟ್ಟಿಲ್ಲ. ಒಳಗೆ ಪ್ರಶ್ನೆಯೇ ಇಲ್ಲದ ಮನಸ್ಸಿಗೆ ಹೊನ್ನಾವರದ ಸಮುದ್ರತೀರದಲ್ಲೂ ಏನೂ ಹೊಳೆಯದು; ಪ್ರಶ್ನೆಯೊಂದನ್ನು ಹೊತ್ತಿದ್ದರೆ ಚಪಾತಿ ಲಟ್ಟಿಸುವಾಗಲೂ ಹೊಳೆದೀತು.

ಏನನ್ನು ಗಮನಿಸಬೇಕು ಎಂಬುದಕ್ಕೆ ಸೂತ್ರ ಕೊಡುವುದು ಕಷ್ಟ. ನನ್ನ ಅನುಭವದಲ್ಲಿ ಹೆಚ್ಚು ಫಲ ಕೊಡುವುದು ಮೂರು: ಯಾರೋ ಆಡಿದ ಮಾತು (ಅವರು ಆಡಿದ ಹಾಗೆಯೇ), ಯಾರದೋ ಕೈ ಮಾಡುತ್ತಿರುವ ಕೆಲಸ, ಇರಬಾರದ ಜಾಗದಲ್ಲಿರುವ ವಸ್ತು. ಭಾವನೆಗಳನ್ನು ಬರೆದಿಟ್ಟುಕೊಳ್ಳುವುದು ಅಷ್ಟು ಉಪಯೋಗಕ್ಕೆ ಬರುವುದಿಲ್ಲ. ‘ಇಂದು ಮನಸ್ಸು ಭಾರವಾಗಿತ್ತು’ ಎಂಬ ಸಾಲನ್ನು ಆರು ತಿಂಗಳ ನಂತರ ಓದಿದರೆ ಅದರಿಂದ ಏನೂ ಮೇಲೇಳುವುದಿಲ್ಲ. ನಾಲ್ಕನೇ ಸೀಟಿನ ಅಂಚಿನಲ್ಲಿ ಕುಳಿತ ಹುಡುಗಿ ಪರೀಕ್ಷೆಯ ಪುಸ್ತಕವನ್ನು ಕೊನೆಯ ಪುಟದಿಂದ ಮೊದಲಿಗೆ ಓದುತ್ತಿದ್ದಳು ಎಂದು ಬರೆದಿಟ್ಟಿದ್ದರೆ ಆ ದಿನದ ನಿಮ್ಮ ಭಾರವೂ ಅದರೊಂದಿಗೆ ಮರಳಿ ಬರುತ್ತದೆ. ಇದರ ಜೊತೆಗೆ, ಮುಂಬಯಿ ಎಂದೊಡನೆ ಸಿದ್ಧವಾಗಿ ಸಿಗುವ ಜನಜಂಗುಳಿ, ಮಳೆ, ಮಹಾನಗರದ ಒಂಟಿತನ ಇವುಗಳಿಂದ ಆದಷ್ಟು ದೂರವಿರಿ. ಅವು ಸುಳ್ಳೆಂದಲ್ಲ, ನೀವು ನೋಡದೆಯೂ ಬರೆಯಬಲ್ಲ ಸಂಗತಿಗಳು ಅವು ಎಂಬುದೇ ಅವುಗಳ ತೊಂದರೆ.

ಕಚೇರಿಯನ್ನೂ ನೀವು ಬರಹದ ಶತ್ರುವೆಂದು ಎಣಿಸಿದಂತಿದೆ. ನಿಮ್ಮ ಜಿಲ್ಲೆಯವರೇ ಆದ ಯಶವಂತ ಚಿತ್ತಾಲರು ಮುಂಬಯಿಯಲ್ಲಿ ಪ್ಲಾಸ್ಟಿಕ್ ಉದ್ಯಮದ ತಂತ್ರಜ್ಞರಾಗಿ ದುಡಿಯುತ್ತಲೇ ಬರೆದವರು. 1979ರಲ್ಲಿ ಬಂದ ಅವರ ‘ಶಿಕಾರಿ’ ಕಾದಂಬರಿಯ ಜಗತ್ತು ಕಂಪನಿಯೊಂದರ ಒಳಗಿನ ಅಧಿಕಾರ, ಭಯ, ಸಂಚುಗಳದ್ದು. ಗೋಕರ್ಣದ ಜಯಂತ ಕಾಯ್ಕಿಣಿಯವರೂ ಜೀವರಸಾಯನಶಾಸ್ತ್ರ ಓದಿ ಇಲ್ಲಿನ ಔಷಧ ಉದ್ಯಮದಲ್ಲಿ ಕೆಲಸ ಮಾಡುತ್ತಾ ಈ ಊರಿನ ಕಥೆಗಳನ್ನು ಬರೆದರು. ಚಿತ್ತಾಲರು ಮುಂಬಯಿಯಲ್ಲಿದ್ದುಕೊಂಡೇ ತಮ್ಮ ಹನೇಹಳ್ಳಿಯನ್ನು ಮತ್ತೆ ಮತ್ತೆ ಬರೆದರು ಎಂಬುದೂ ನಿಮಗೆ ಉಪಯುಕ್ತ. ಹೊನ್ನಾವರದ ಕಥೆಯನ್ನು ಬರೆಯಲು ಹೊನ್ನಾವರಕ್ಕೇ ಹೋಗಬೇಕೆಂದಿಲ್ಲ. ಅಲ್ಲಿ ನೀವು ಈಗ ನಾಲ್ಕು ದಿನದ ನೆಂಟರು, ಊರಿನವರು ಕೊಡುವ ಊಟವನ್ನೂ ಸುದ್ದಿಯನ್ನೂ ಸಂತೋಷದಿಂದ ತೆಗೆದುಕೊಳ್ಳಿ. ಬರೆಯಲು ಬೇಕಾದ ದೂರ ನಿಮಗೆ ಡೊಂಬಿವಲಿಯಲ್ಲಿ ಸಿಗುತ್ತದೆ. ಲೆಕ್ಕಪತ್ರದ ಕೆಲಸದಲ್ಲಿ ನಿಮಗೆ ಗೊತ್ತಿರುವಷ್ಟು ಮನುಷ್ಯ ಸ್ವಭಾವ ಹೊರಗಿನವರಿಗೆ ಗೊತ್ತಿರುವುದಿಲ್ಲ: ಯಾರು ಹತ್ತು ರೂಪಾಯಿಯ ರಸೀದಿಯನ್ನೂ ಜೋಪಾನವಾಗಿ ಲಗತ್ತಿಸುತ್ತಾರೆ, ಯಾರು ತಿಂಗಳ ಮಧ್ಯದಲ್ಲೇ ಮುಂಗಡ ಕೇಳಲು ಬಂದು ಹವಾಮಾನದ ಮಾತಾಡಿ ಹಿಂತಿರುಗುತ್ತಾರೆ.

ಇನ್ನು ಹೊತ್ತಿನ ಮಾತು. ರೈಲಿನ ವಾಕ್ಯಗಳು ಕಥೆಯಾಗಬೇಕಾದರೆ ವಾರಕ್ಕೊಮ್ಮೆಯಾದರೂ ಒಂದೂವರೆ ಗಂಟೆ ಅಲುಗದೆ ಕುಳಿತುಕೊಳ್ಳುವ ಅವಕಾಶ ಬೇಕೇ ಬೇಕು, ಇದಕ್ಕೆ ಪರ್ಯಾಯವಿಲ್ಲ. ಅದನ್ನು ನೀವು ನಿಮ್ಮ ನಿದ್ದೆಯಿಂದ ಕದಿಯಬಾರದು, ಮನೆಯವರಿಂದ ಕೇಳಿ ಪಡೆಯಬೇಕು. ಪತ್ರದಲ್ಲಿ ಪತಿಯ ಪ್ರಸ್ತಾಪವೇ ಇಲ್ಲ. ಭಾನುವಾರದ ಒಂದು ಹೊತ್ತಿನ ಅಡುಗೆಯನ್ನೂ ಮಕ್ಕಳನ್ನೂ ಅವರು ವಹಿಸಿಕೊಳ್ಳುವುದು ದೊಡ್ಡ ತ್ಯಾಗವೇನಲ್ಲ. ಬಿಡುವಾದಾಗ ಬರೆದುಕೊಳ್ಳುತ್ತೇನೆ ಎಂದರೆ ಅದು ಯಾರಿಗೂ ಕೇಳಿಸುವುದಿಲ್ಲ, ಭಾನುವಾರ ಹತ್ತರಿಂದ ಹನ್ನೊಂದೂವರೆವರೆಗೆ ನಾನು ಇರುವುದಿಲ್ಲ ಎಂದರೆ ಕೇಳಿಸುತ್ತದೆ. ಮನೆಯಲ್ಲಿ ಜಾಗವಿಲ್ಲದಿದ್ದರೆ ಹತ್ತಿರದ ವಾಚನಾಲಯಕ್ಕೆ ಹೋಗಿ. ಕುಳಿತಾಗ ಹೊಸದನ್ನು ಹುಡುಕಬೇಡಿ. ಆ ವಾರದ ಐದಾರು ವಾಕ್ಯಗಳನ್ನು ಮುಂದಿಟ್ಟುಕೊಂಡು, ಅವುಗಳಲ್ಲಿ ಯಾವುದು ನಿಮ್ಮನ್ನು ಇನ್ನೂ ಬಿಟ್ಟಿಲ್ಲವೋ ಅದರ ಮುಂದಿನ ವಾಕ್ಯವನ್ನು ಬರೆಯಿರಿ.

ಮನೆಯವರನ್ನು ಕುರಿತು ಬರೆಯುವಾಗ ಒಂದು ಹೊಣೆ ಬಂದೇ ಬರುತ್ತದೆ. ಜೊತೆಗಿರುವವರು ನಮ್ಮನ್ನು ನಂಬಿ ಬದುಕುತ್ತಿರುತ್ತಾರೆ, ಕಥೆಗೆ ವಸ್ತುವಾಗುತ್ತೇವೆಂದು ಅವರು ಒಪ್ಪಿರುವುದಿಲ್ಲ. ಹೆಸರು, ಊರು, ಸಂಬಂಧ ಎಲ್ಲವನ್ನೂ ಬದಲಿಸಿ. ಅತ್ತೆಯನ್ನು ಪಕ್ಕದ ಮನೆಯ ಅಜ್ಜಿಯಾಗಿಸಿ, ನೀವೇ ಬೇಕಾದರೆ ಅವರ ಮಗನಾಗಿ ನಿಂತು ನೋಡಿ. ಹಾಗೆ ಬದಲಿಸಿದಾಗ ಕಥೆಗೂ ಲಾಭವಿದೆ, ಏಕೆಂದರೆ ನಿಮ್ಮ ಮುನಿಸು ಅಲ್ಲಿಂದ ಕಳಚಿಕೊಳ್ಳುತ್ತದೆ. ಮುನಿಸಿನಿಂದ ಬರೆದ ಪಾತ್ರ ಒಂದೇ ಮುಖದ್ದಾಗಿರುತ್ತದೆ.

ಮೊದಲ ಬರಹ ಚಿಕ್ಕದಾಗಿರಲಿ, ಎರಡು ಪುಟ ಮೀರದಿರಲಿ. ಮುಗಿದ ಕೂಡಲೇ ಪತ್ರಿಕೆಗೆ ಕಳಿಸಬೇಡಿ. ಒಂದೆರಡು ವಾರ ಬಿಟ್ಟು, ಕನ್ನಡ ಬಲ್ಲ ಒಬ್ಬರ ಮುಂದೆ ಗಟ್ಟಿಯಾಗಿ ಓದಿ. ಅವರು ಸಾಹಿತಿಗಳೇ ಆಗಬೇಕೆಂದಿಲ್ಲ, ಡೊಂಬಿವಲಿಯಲ್ಲಿ ಕನ್ನಡದ ಮನೆಗಳಿಗೇನೂ ಕೊರತೆಯಿಲ್ಲ. ಕೇಳುತ್ತಿರುವವರು ಎಲ್ಲಿ ಕಿಟಕಿಯ ಕಡೆ ನೋಡಿದರು, ಎಲ್ಲಿ ನಿಮ್ಮ ಮುಖ ನೋಡಿದರು ಎಂಬುದನ್ನು ಅಂಚಿನಲ್ಲಿ ಗುರುತು ಮಾಡಿಕೊಳ್ಳಿ. ತಿದ್ದುವ ಕೆಲಸವನ್ನು ಕಿಟಕಿಯ ಕಡೆ ನೋಡಿದ ಜಾಗಗಳಿಂದ ಆರಂಭಿಸಬಹುದು.